ಡೀಸೆಲ್ ಪಿಕಪ್‌ನಲ್ಲಿ ಡಿಪಿಎಫ್ ರೀಜನರೇಷನ್ ಮೇಲೆ ನಿಗಾ ಇಡುವ ಕ್ರಮ

ಡೀಸೆಲ್ ಪಿಕಪ್‌ನ ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹೊತ್ತಿಕೊಂಡಿತೆಂದರೆ, ಹೊಗೆಯ ಫಿಲ್ಟರ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡಿಪಿಎಫ್) ತನ್ನಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳಲು, ಅಂದರೆ ರೀಜನರೇಷನ್‌ಗೆ, ಮಾಡಿದ ಪ್ರಯತ್ನ ಒಂದಕ್ಕಿಂತ ಹೆಚ್ಚು ಬಾರಿ ಅರ್ಧಕ್ಕೆ ನಿಂತಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಬಹುಪಾಲು ವಾಹನಗಳು ಅಲ್ಲಿಯವರೆಗೆ ಚಾಲಕರಿಗೆ ಏನನ್ನೂ ಹೇಳುವುದಿಲ್ಲ. ಆದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಫಿಲ್ಟರ್‌ನಲ್ಲಿ ಎಷ್ಟು ಮಸಿ ಇದೆ, ಹೊಗೆ ಎಷ್ಟು ಬಿಸಿಯಿದೆ, ಕಳೆದ ರೀಜನರೇಷನ್ ಆಗಿ ಎಷ್ಟು ದೂರ ಕ್ರಮಿಸಲಾಗಿದೆ ಎಂಬುದನ್ನೆಲ್ಲ ಸದಾ ಲೆಕ್ಕ ಇಡುತ್ತಿರುತ್ತದೆ. ಆ ಲೆಕ್ಕವನ್ನು ಹೊರತೆಗೆದು ಓದಲು ದುಬಾರಿ ಉಪಕರಣ ಬೇಕಿಲ್ಲ. ಯಾವ ಅಂಕಿಯನ್ನು ಯಾವ ಸ್ಥಿತಿಯಲ್ಲಿ ನೋಡಬೇಕು ಎಂಬ ತಿಳಿವಳಿಕೆ ಬೇಕು. ಅದರಲ್ಲೂ ಯಾವುದೋ ಒಂದು ದಿನ ಕಂಡ ಒಂದು ಅಂಕಿಗಿಂತ, ಒಂದು ರೀಜನರೇಷನ್‌ಗೂ ಮುಂದಿನದಕ್ಕೂ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತಿದೆ ಎಂಬುದು ಹೆಚ್ಚು ನಂಬಬಹುದಾದ ಸುಳಿವು.

ಫಿಲ್ಟರ್‌ನೊಳಗೆ ನಡೆಯುವುದೇನು

ಡಿಪಿಎಫ್ ಎಂಬುದು ಸಾಮಾನ್ಯವಾಗಿ ಕಾರ್ಡಿಯರೈಟ್ ಅಥವಾ ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ ವಸ್ತುವಿನಿಂದ ಮಾಡಿದ, ಉದ್ದಕ್ಕೂ ಸಣ್ಣ ನಾಳಗಳಿರುವ ದಿಂಡು. ಈ ನಾಳಗಳಲ್ಲಿ ಒಂದು ಬಿಟ್ಟು ಒಂದನ್ನು ಮುಂಭಾಗದಲ್ಲಿ ಮುಚ್ಚಿರುತ್ತಾರೆ, ಉಳಿದವನ್ನು ಹಿಂಭಾಗದಲ್ಲಿ ಮುಚ್ಚಿರುತ್ತಾರೆ. ಹೀಗಾಗಿ ಒಳಬಂದ ಹೊಗೆ ರಂಧ್ರಮಯವಾದ ಗೋಡೆಯನ್ನು ತೂರಿಕೊಂಡೇ ಪಕ್ಕದ ನಾಳಕ್ಕೆ ಹೋಗಬೇಕಾಗುತ್ತದೆ ಮತ್ತು ಮಸಿ ಗೋಡೆಯ ಮೇಲೆ ಉಳಿದುಬಿಡುತ್ತದೆ. ಮಸಿಯ ಪದರ ದಪ್ಪವಾದಷ್ಟೂ ಫಿಲ್ಟರ್‌ನ ಹಿಂದು-ಮುಂದಿನ ಒತ್ತಡದ ವ್ಯತ್ಯಾಸ ಏರುತ್ತದೆ. ಆ ವ್ಯತ್ಯಾಸವನ್ನು ಅಳೆಯಲು ಎರಡು ಸಣ್ಣ ಕೊಳವೆಗಳುಳ್ಳ ಸೆನ್ಸರ್ ಒಂದಿರುತ್ತದೆ.

ಈ ಮಸಿ ಎರಡು ರೀತಿಯಲ್ಲಿ ಉರಿಯುತ್ತದೆ. ಪಿಕಪ್ ಭಾರ ಹೊತ್ತು ಏರುದಾರಿಯಲ್ಲಿ ಸಾಗುವಾಗ ಅಥವಾ ಟ್ರೇಲರ್ ಎಳೆಯುವಾಗ ಹೊಗೆಯ ಉಷ್ಣತೆ ತಾನಾಗಿಯೇ ಸುಮಾರು 250ರಿಂದ 400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆಗ ಫಿಲ್ಟರ್‌ಗಿಂತ ಮುಂದಿರುವ ಆಕ್ಸಿಡೇಷನ್ ಕ್ಯಾಟಲಿಸ್ಟ್, ಅಂದರೆ ಡಿಒಸಿ, ಉತ್ಪತ್ತಿ ಮಾಡುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ನಿಧಾನವಾಗಿ ಕರಗಿಸುತ್ತಾ ಹೋಗುತ್ತದೆ. ಇದು ಪ್ಯಾಸಿವ್ ರೀಜನರೇಷನ್. ಅದು ಸಾಲದೆ ಮಸಿ ಒಂದು ಮಿತಿಯನ್ನು ದಾಟಿದಾಗ ಇಸಿಯು ತಾನೇ ಮುಂದಾಗುತ್ತದೆ: ಸಿಲಿಂಡರಿನಲ್ಲಿ ದಹನ ಮುಗಿದ ಮೇಲೆ ತಡವಾಗಿ ಒಂದಿಷ್ಟು ಡೀಸೆಲ್ ಸಿಂಪಡಿಸುತ್ತದೆ, ಇಲ್ಲವೇ ಹೊಗೆಯ ಕೊಳವೆಯಲ್ಲೇ ಇರುವ ಪ್ರತ್ಯೇಕ ಇಂಜೆಕ್ಟರಿನಿಂದ ಡೀಸೆಲ್ ಬಿಡುತ್ತದೆ. ಆ ಡೀಸೆಲ್ ಡಿಒಸಿಯಲ್ಲಿ ಉರಿದು ಫಿಲ್ಟರ್‌ಗೆ ಹೋಗುವ ಹೊಗೆಯನ್ನು 550ರಿಂದ 650 ಡಿಗ್ರಿಯವರೆಗೆ ಕಾಯಿಸುತ್ತದೆ. ಆ ಬಿಸಿಗೆ ಮಸಿ ಹೊಗೆಯಲ್ಲಿರುವ ಆಮ್ಲಜನಕದೊಡನೆ ನೇರವಾಗಿ ಉರಿಯುತ್ತದೆ. ಇದು ಆ್ಯಕ್ಟಿವ್ ರೀಜನರೇಷನ್. ನಿಗಾ ಇಡಬೇಕಾದದ್ದು ಮುಖ್ಯವಾಗಿ ಇದರ ಮೇಲೆಯೇ.

ಬೂದಿಯ ಕಥೆ ಬೇರೆ. ಇಂಜಿನ್ ಆಯಿಲ್‌ಗೆ ಸೇರಿಸಿದ ಕ್ಯಾಲ್ಸಿಯಂ, ಸತು, ರಂಜಕ ಮೊದಲಾದವುಗಳ ಅಂಶ ಉರಿದ ಮೇಲೆ ಬೂದಿಯಾಗಿ ಫಿಲ್ಟರ್‌ನಲ್ಲಿ ಉಳಿಯುತ್ತದೆ. ಅದನ್ನು ಯಾವ ರೀಜನರೇಷನ್ನೂ ತೆಗೆಯಲಾರದು.

ಉಪಕರಣ ಮತ್ತು ಅಂಕಿಗಳು

ಕೆಲವು ಪಿಕಪ್‌ಗಳಲ್ಲಿ ಮೀಟರ್ ಪರದೆಯಲ್ಲೇ ಮಸಿಯ ಪ್ರಮಾಣ ಅಥವಾ ‘ಫಿಲ್ಟರ್ ಶುಚಿಯಾಗುತ್ತಿದೆ’ ಎಂಬರ್ಥದ ಸೂಚನೆ ಕಾಣಿಸುತ್ತದೆ. ಅಂಥ ಸೌಲಭ್ಯ ಇದ್ದರೆ ಅದನ್ನು ಮೊದಲು ಹುಡುಕಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಸ್ಟೀರಿಂಗ್‌ನ ಕೆಳಗಿರುವ, ಇಸಿಯುವಿನ ಅಂಕಿಗಳನ್ನು ಓದಲೆಂದೇ ಇರುವ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ಅಥವಾ ವೈಫೈ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನ ಆ್ಯಪ್‌ನಲ್ಲಿ ಅಂಕಿಗಳನ್ನು ಓದಬಹುದು. ಅಡಾಪ್ಟರ್ ಕೊಳ್ಳುವಾಗ ಅತಿ ಅಗ್ಗದ್ದನ್ನು ಬಿಡುವುದು ಮೇಲು, ಏಕೆಂದರೆ ಇಎಲ್ಎಂ327 ಹೆಸರಿನಲ್ಲಿ ಬರುವ ನಕಲಿ ಚಿಪ್‌ಗಳಲ್ಲಿ ಅನೇಕವು ನಿಧಾನವಾಗಿ ಕೆಲಸ ಮಾಡುತ್ತವೆ ಮತ್ತು ಕೆಲವು ಆದೇಶಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಗಾಡಿಯನ್ನು ದಿನಗಟ್ಟಲೆ ನಿಲ್ಲಿಸುವುದಿದ್ದರೆ ಅಡಾಪ್ಟರನ್ನು ತೆಗೆದಿಡಬೇಕು. ಇಗ್ನಿಷನ್ ಆಫ್ ಆದರೂ ಅದು ಬ್ಯಾಟರಿಯನ್ನು ಹೀರುತ್ತಲೇ ಇರಬಹುದು.

ಒಬಿಡಿಯ ಪ್ರಮಾಣಿತ ಪಟ್ಟಿಯಲ್ಲಿ 78 ಎಂಬ ಸಂಕೇತ ಹೊಗೆಯ ಉಷ್ಣತೆಗೆ, 7ಎ ಒತ್ತಡ ವ್ಯತ್ಯಾಸಕ್ಕೆ, 7ಸಿ ಫಿಲ್ಟರ್‌ನ ಉಷ್ಣತೆಗೆ, 8ಬಿ ರೀಜನರೇಷನ್‌ನ ಸ್ಥಿತಿಗೆ ಮೀಸಲಾಗಿವೆ. ಆದರೆ ಎಲ್ಲ ವಾಹನಗಳೂ ಇವೆಲ್ಲಕ್ಕೂ ಉತ್ತರ ಕೊಡುವುದಿಲ್ಲ, ಮತ್ತು ನಮಗೆ ಎಲ್ಲಕ್ಕಿಂತ ಬೇಕಾದ ಮಸಿಯ ಪ್ರಮಾಣವನ್ನು ತಯಾರಕರು ಸಾಮಾನ್ಯವಾಗಿ ತಮ್ಮದೇ ಸಂಕೇತಗಳಲ್ಲಿ ಇಟ್ಟಿರುತ್ತಾರೆ. ಆದ್ದರಿಂದ ನಿಮ್ಮ ಪಿಕಪ್‌ನ ಮಾದರಿ, ಇಂಜಿನ್ ಮತ್ತು ತಯಾರಾದ ವರ್ಷಕ್ಕೆ ಹೊಂದುವ ಪಟ್ಟಿ ಇರುವ ಆ್ಯಪನ್ನೇ ಆರಿಸಿಕೊಳ್ಳಬೇಕು. ಹತ್ತಿರದ ಇನ್ನೊಂದು ಮಾದರಿಯ ಪಟ್ಟಿಯನ್ನು ಹಾಕಿಕೊಂಡರೆ ಪರದೆಯ ಮೇಲೆ ಅಂಕಿಗಳೇನೋ ಮೂಡುತ್ತವೆ, ಆದರೆ ಅವು ಬೇರಾವುದೋ ಅಳತೆಯಾಗಿರುವ ಸಾಧ್ಯತೆ ಇದೆ. ಅಂಥ ಅಂಕಿಯನ್ನು ನಂಬುವುದಕ್ಕಿಂತ ಅಂಕಿಯೇ ಇಲ್ಲದಿರುವುದು ವಾಸಿ.

ಪರದೆಯ ಮೇಲೆ ಏಳೆಂಟು ಅಂಕಿಗಳು ಸಾಕು, ಹೆಚ್ಚಾದಷ್ಟೂ ಪ್ರತಿಯೊಂದೂ ತಡವಾಗಿ ಬದಲಾಗುತ್ತದೆ. ನನ್ನ ಆಯ್ಕೆ ಇವು: ಮಸಿಯ ಪ್ರಮಾಣ, ಒತ್ತಡ ವ್ಯತ್ಯಾಸ, ಡಿಒಸಿಗೆ ಮುಂಚಿನ ಉಷ್ಣತೆ, ಡಿಒಸಿ ದಾಟಿ ಫಿಲ್ಟರ್‌ಗೆ ಹೋಗುವಲ್ಲಿನ ಉಷ್ಣತೆ, ಫಿಲ್ಟರ್‌ನಿಂದ ಹೊರಬಂದ ಮೇಲಿನ ಉಷ್ಣತೆ, ರೀಜನರೇಷನ್‌ನ ಸ್ಥಿತಿ, ಕಳೆದ ರೀಜನರೇಷನ್ ನಂತರ ಕ್ರಮಿಸಿದ ದೂರ, ಕೂಲೆಂಟ್‌ನ ಉಷ್ಣತೆ. ಒತ್ತಡವನ್ನು ಕೆಲವು ಆ್ಯಪ್‌ಗಳು ಕಿಲೋಪಾಸ್ಕಲ್‌ನಲ್ಲಿ, ಕೆಲವು ಮಿಲಿಬಾರ್‌ನಲ್ಲಿ, ಇನ್ನು ಕೆಲವು ಪಿಎಸ್ಐನಲ್ಲಿ ತೋರಿಸುತ್ತವೆ. 1 ಕಿಲೋಪಾಸ್ಕಲ್ ಎಂದರೆ 10 ಮಿಲಿಬಾರ್; 1 ಪಿಎಸ್ಐ ಎಂದರೆ ಸುಮಾರು 6.9 ಕಿಲೋಪಾಸ್ಕಲ್. ಬೇರೆಯವರ ಅಂಕಿಗಳೊಡನೆ ಹೋಲಿಸುವ ಮುನ್ನ ಮಾನವನ್ನು ನೋಡಿಕೊಳ್ಳದಿದ್ದರೆ ಹತ್ತು ಪಟ್ಟು ತಪ್ಪಾಗುತ್ತದೆ.

ಮಸಿಯ ಪ್ರಮಾಣದಲ್ಲೂ ಒಂದು ತೊಡಕಿದೆ. ಕೆಲವು ವಾಹನಗಳು ಅದನ್ನು ಗ್ರಾಂಗಳಲ್ಲಿ, ಕೆಲವು ಶೇಕಡಾವಾರಿನಲ್ಲಿ ಹೇಳುತ್ತವೆ. ಶೇಕಡಾ 100 ಎಂದರೆ ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದೆ ಎಂದಲ್ಲ. ಅನೇಕ ವಾಹನಗಳಲ್ಲಿ ಅದು ರೀಜನರೇಷನ್ ಆರಂಭಿಸಬೇಕಾದ ಹಂತವಷ್ಟೆ. ನಿಮ್ಮ ಗಾಡಿಯಲ್ಲಿ ಯಾವ ಅಂಕಿಗೆ ಅದು ಆರಂಭವಾಗುತ್ತದೆ ಎಂಬುದನ್ನು ಕೆಲವು ಸಲ ಗಮನಿಸಿಯೇ ತಿಳಿಯಬೇಕಾಗುತ್ತದೆ. ಇಷ್ಟು ಡೀಸೆಲ್ ಉರಿದ ಮೇಲೆ ಅಥವಾ ಇಷ್ಟು ದೂರ ಕ್ರಮಿಸಿದ ಮೇಲೆ ಮಸಿ ಕಡಿಮೆಯಿದ್ದರೂ ರೀಜನರೇಷನ್ ನಡೆಸುವ ಇಸಿಯುಗಳೂ ಇವೆ, ಅದು ದೋಷವಲ್ಲ.

ಮಸಿಯ ಅಂಕಿ ಎರಡು ದಾರಿಗಳಿಂದ ಬರುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಒಂದು, ಇಂಜಿನ್ ಎಷ್ಟು ಹೊತ್ತು ಯಾವ ಭಾರದಲ್ಲಿ ಓಡಿತು, ಎಷ್ಟು ಡೀಸೆಲ್ ಉರಿಯಿತು ಎಂಬುದರಿಂದ ಇಸಿಯು ಮಾಡುವ ಲೆಕ್ಕ. ಇನ್ನೊಂದು, ಒತ್ತಡ ವ್ಯತ್ಯಾಸದಿಂದ ಅದು ಕಟ್ಟುವ ಅಂದಾಜು. ಹೊಗೆಯ ಹರಿವು ಕಡಿಮೆ ಇರುವಾಗ ಎರಡನೆಯದು ನಂಬಿಕೆಗೆ ಅರ್ಹವಲ್ಲ, ಆದ್ದರಿಂದ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ, ಕಂಡ ಒತ್ತಡವೊಂದರಿಂದಲೇ ಯಾವ ತೀರ್ಮಾನಕ್ಕೂ ಬರಬಾರದು.

ಮೊದಲು ಸೆನ್ಸರ್‌ಗಳನ್ನೇ ಪರೀಕ್ಷಿಸುವುದು

ಅಂಕಿಗಳನ್ನು ಓದಲು ಆರಂಭಿಸುವ ಮುನ್ನ, ಅವುಗಳನ್ನು ಕೊಡುವ ಸೆನ್ಸರ್‌ಗಳು ಸರಿಯಾಗಿವೆಯೇ ಎಂದು ನೋಡಬೇಕು. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಆದರೆ ಇಲ್ಲಿ ಕಳೆಯುವ ಕೆಲವೇ ನಿಮಿಷಗಳು ಫಿಲ್ಟರನ್ನು ಸುಮ್ಮನೆ ಬದಲಾಯಿಸುವ ವೆಚ್ಚವನ್ನು ತಪ್ಪಿಸಬಲ್ಲವು. ರಾತ್ರಿಯಿಡೀ ನಿಂತ ಗಾಡಿಯ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಅಂಕಿಗಳನ್ನು ಓದಿ. ಹೊಗೆಯ ಉಷ್ಣತೆಯ ಎಲ್ಲ ಸೆನ್ಸರ್‌ಗಳೂ ಹೊರಗಿನ ಗಾಳಿಯ ಉಷ್ಣತೆಗೆ ಹತ್ತಿರವಾಗಿ, ಒಂದಕ್ಕೊಂದು ಸಮೀಪವಾಗಿ ಇರಬೇಕು; ಒಂದು ಮಾತ್ರ ಹತ್ತಾರು ಡಿಗ್ರಿ ಬೇರೆ ತೋರಿಸಿದರೆ ಆ ಸೆನ್ಸರ್ ಅಥವಾ ಅದರ ವೈರಿಂಗ್ ಅನುಮಾನಾಸ್ಪದ. ಒತ್ತಡ ವ್ಯತ್ಯಾಸ ಸೊನ್ನೆಗೆ ತೀರ ಹತ್ತಿರವಿರಬೇಕು. ಇಂಜಿನ್ ನಿಂತಿರುವಾಗಲೂ ಅದು ಒತ್ತಡ ಇದೆ ಎನ್ನುತ್ತಿದ್ದರೆ, ಓಡುವಾಗ ಹೇಳುವುದರಲ್ಲೂ ಅಷ್ಟೇ ತಪ್ಪಿರುತ್ತದೆ ಮತ್ತು ಇಸಿಯು ಬೇಡದಿದ್ದಾಗಲೂ ರೀಜನರೇಷನ್ ನಡೆಸಲು ಹೊರಡುತ್ತದೆ. ಸೆನ್ಸರ್‌ನ ಎರಡು ಕೊಳವೆಗಳು ಬಿರಿದಿವೆಯೇ, ಸಡಿಲವಾಗಿವೆಯೇ, ಅವುಗಳಲ್ಲಿ ಮಸಿ ಅಥವಾ ನೀರು ಕಟ್ಟಿಕೊಂಡಿದೆಯೇ ಎಂಬುದನ್ನೂ ಇಂಜಿನ್ ತಣ್ಣಗಿರುವಾಗ ನೋಡಿಬಿಡಬೇಕು.

ಅನಂತರ, ಒಂದು ರೀಜನರೇಷನ್ ಪೂರ್ತಿಯಾದ ಕೂಡಲೇ, ಆಧಾರದ ಅಳತೆಗಳನ್ನು ಹಿಡಿದಿಟ್ಟುಕೊಳ್ಳಿ. ಇಂಜಿನ್ ಚೆನ್ನಾಗಿ ಕಾದಿರುವಾಗ ಐಡಲ್‌ನಲ್ಲಿ ಒತ್ತಡ ವ್ಯತ್ಯಾಸ ಎಷ್ಟು, ಗಾಡಿ ನಿಂತಲ್ಲೇ 2500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದಾಗ ಎಷ್ಟು, ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಮೇಲಿನ ಗೇರಿನಲ್ಲಿ ಹೋಗುವಾಗ ಎಷ್ಟು ಎಂಬ ಮೂರು ಅಳತೆಗಳು ಸಾಕು. ಮುಂದೆ ಯಾವಾಗ ಹೋಲಿಸಿದರೂ ಇದೇ ಸ್ಥಿತಿಗಳಲ್ಲಿ ಹೋಲಿಸಬೇಕು. ಬೇರೊಬ್ಬರ ಗಾಡಿಯ ಅಂಕಿ, ಅದು ಅದೇ ಮಾದರಿಯದ್ದಾದರೂ, ನಿಮ್ಮ ಅಂಕಿಗೆ ಸಾಟಿಯಾಗುವುದಿಲ್ಲ.

ರೀಜನರೇಷನ್ ನಡೆಯುತ್ತಿರುವಾಗ

ಸ್ಥಿತಿಯನ್ನು ನೇರವಾಗಿ ತೋರಿಸುವ ಅಂಕಿ ಇಲ್ಲದಿದ್ದರೂ ಆರಂಭವನ್ನು ಗುರುತಿಸಲು ಸಾಕಷ್ಟು ಸುಳಿವುಗಳಿವೆ. ಐಡಲ್‌ನ ಆರ್‌ಪಿಎಂ ತುಸು ಏರುತ್ತದೆ, ಇಂಜಿನ್‌ನ ಸದ್ದು ಗಡುಸಾಗುತ್ತದೆ, ಆಟೊ ಸ್ಟಾರ್ಟ್-ಸ್ಟಾಪ್ ಇದ್ದರೆ ಅದು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಆ ಕ್ಷಣದ ಮೈಲೇಜ್ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆ, ರೇಡಿಯೇಟರ್ ಫ್ಯಾನ್ ವೇಗವಾಗಿ ತಿರುಗುತ್ತದೆ, ಹೊಗೆಯಲ್ಲಿ ಸುಟ್ಟಂಥ ಬಿಸಿ ವಾಸನೆ ಬರುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು ಉಷ್ಣತೆಯ ಅಂಕಿಗಳು. ಡಿಒಸಿಗೆ ಮುಂಚಿನ ಉಷ್ಣತೆ 300 ಡಿಗ್ರಿಯ ಆಸುಪಾಸಿನಲ್ಲೇ ಇದ್ದು, ಡಿಒಸಿ ದಾಟಿದ ಮೇಲಿನದು ಕೆಲವೇ ನಿಮಿಷಗಳಲ್ಲಿ 550ನ್ನು ಮೀರಿ ಅಲ್ಲೇ ನಿಂತರೆ, ಡೀಸೆಲ್ ಡಿಒಸಿಯಲ್ಲಿ ಉರಿಯುತ್ತಿದೆ ಎಂದೇ ಅರ್ಥ. ಗಾಡಿ ಭಾರ ಎಳೆಯುವುದರಿಂದ ಬಂದ ಬಿಸಿಯಾಗಿದ್ದರೆ ಎರಡೂ ಜೊತೆಜೊತೆಯಾಗಿ ಏರುತ್ತಿದ್ದವು. ಈ ಎರಡು ಅಂಕಿಗಳ ಅಂತರವನ್ನು ಓದಲು ಕಲಿತರೆ ನಿಗಾದ ಅರ್ಧ ಕೆಲಸ ಕೈವಶವಾದಂತೆ.

ಆರಂಭವಾಯಿತೆಂದು ಗೊತ್ತಾದ ಮೇಲೆ ಚಾಲಕರು ಮಾಡಬೇಕಾದದ್ದು ಸರಳ: ಇಂಜಿನ್ನಿಗೆ ಹದವಾದ ಭಾರ ಇರುವಂತೆ ಒಂದೇ ವೇಗದಲ್ಲಿ ಓಡಿಸುತ್ತಾ ಇರುವುದು. ಸಾಮಾನ್ಯವಾಗಿ 15ರಿಂದ 30 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಈ ಹೊತ್ತಿನಲ್ಲಿ ಮಸಿಯ ಅಂಕಿ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗನೆ ಇಳಿಯುವುದನ್ನು ಕಾಣಬಹುದು. ಫಿಲ್ಟರ್‌ನಿಂದ ಹೊರಬರುವ ಹೊಗೆಯ ಉಷ್ಣತೆ ಒಳಹೋಗುವುದರ ಹಿಂದೆಯೇ ತಡವಾಗಿ ಏರುತ್ತದೆ, ಮಸಿ ಉರಿಯುವಾಗ ಅದನ್ನು ಸ್ವಲ್ಪ ಮೀರಲೂಬಹುದು. ಮಸಿಯ ಅಂಕಿ ಕೆಳಮಟ್ಟಕ್ಕೆ ಬಂದು, ಡಿಒಸಿಯ ಹಿಂದು-ಮುಂದಿನ ಉಷ್ಣತೆಗಳು ಮತ್ತೆ ಸಮೀಪಿಸಿ, ದೂರದ ಲೆಕ್ಕ ಸೊನ್ನೆಯಿಂದ ಆರಂಭವಾದರೆ ರೀಜನರೇಷನ್ ಪೂರ್ತಿಯಾಗಿದೆ. ಉಷ್ಣತೆ ಇಳಿದರೂ ದೂರದ ಲೆಕ್ಕ ಹಾಗೇ ಉಳಿದಿದ್ದರೆ ಅದು ಅರ್ಧಕ್ಕೆ ನಿಂತಿದೆ.

ಎರಡು ವಿಷಯಗಳಲ್ಲಿ ಎಚ್ಚರ ತಪ್ಪಬಾರದು. ಮಸಿ ಮಿತಿಮೀರಿ ತುಂಬಿದ ಫಿಲ್ಟರ್ ಪೂರ್ಣ ಬಿಸಿಯಲ್ಲಿರುವಾಗ ಗಾಡಿಯನ್ನು ಹಠಾತ್ತನೆ ನಿಲ್ಲಿಸಿ ಇಂಜಿನ್ ಐಡಲ್‌ಗೆ ಇಳಿದರೆ, ಬಿಸಿಯನ್ನು ಹೊತ್ತೊಯ್ಯುತ್ತಿದ್ದ ಹೊಗೆಯ ಹರಿವು ತಗ್ಗುತ್ತದೆ, ಅದೇ ವೇಳೆ ಹೊಗೆಯಲ್ಲಿ ಆಮ್ಲಜನಕದ ಪಾಲು ಏರುತ್ತದೆ. ಆಗ ಒಳಗಿನ ಮಸಿ ಒಮ್ಮೆಲೇ ಉರಿದು ಸೆರಾಮಿಕ್ ಬಿರುಕು ಬಿಡುವ ಇಲ್ಲವೇ ಕರಗುವ ಅಪಾಯವಿದೆ. ಇಸಿಯು ಇದನ್ನು ತಡೆಯಲು ಯತ್ನಿಸುತ್ತದೆ, ಆದರೂ ಮಸಿ ವಾಡಿಕೆಗಿಂತ ಹೆಚ್ಚಿದೆ ಎಂದು ತಿಳಿದಿರುವಾಗ ವೇಗವನ್ನು ಹಂತಹಂತವಾಗಿ ಇಳಿಸುವುದೇ ಸರಿ. ಎರಡನೆಯದಾಗಿ, ರೀಜನರೇಷನ್ ನಡುವೆ ಗಾಡಿಯನ್ನು ಒಣಹುಲ್ಲು, ತರಗೆಲೆ ಅಥವಾ ಹೊತ್ತಿಕೊಳ್ಳಬಹುದಾದ ಯಾವುದರ ಮೇಲೂ ನಿಲ್ಲಿಸಬಾರದು. ನಿಲ್ಲಿಸಲೇಬೇಕಾಗಿ ಬಂದರೆ ಬರಿಯ ನೆಲವಿರುವ ಬಯಲನ್ನು ಆರಿಸಿಕೊಳ್ಳಿ. ಹೊರಡುವಾಗ ಮತ್ತೆ ಆರಂಭವಾಗುತ್ತದೆಯೇ ಎಂದು ಅಂಕಿಗಳನ್ನು ನೋಡಿ. ಇದನ್ನೆಲ್ಲ ಓಡಿಸುತ್ತಲೇ ಮೊಬೈಲ್ ದಿಟ್ಟಿಸಿ ಮಾಡುವುದು ತರವಲ್ಲ; ಆ್ಯಪ್‌ನಲ್ಲಿ ದಾಖಲಾಗುವಂತೆ ಬಿಟ್ಟು ನಿಂತ ಮೇಲೆ ಓದಬೇಕು, ಇಲ್ಲವೇ ಪಕ್ಕದಲ್ಲಿ ಕೂತವರಿಗೆ ಒಪ್ಪಿಸಬೇಕು.

ದಾಖಲೆ ಮತ್ತು ಅದು ಹೇಳುವ ಸಂಗತಿ

ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ರೀಜನರೇಷನ್‌ಗೂ ದಿನಾಂಕ, ಓಡೋಮೀಟರ್, ಹಿಂದಿನದರಿಂದ ಆದ ದೂರ, ಆರಂಭದಲ್ಲೂ ಕೊನೆಯಲ್ಲೂ ಇದ್ದ ಮಸಿಯ ಅಂಕಿ, ಹಿಡಿದ ಸಮಯ, ಮುಟ್ಟಿದ ಗರಿಷ್ಠ ಉಷ್ಣತೆ, ಪೂರ್ತಿಯಾಯಿತೇ ಇಲ್ಲವೇ ಎಂಬುದನ್ನು ಬರೆದಿಡಿ. ಆ ಅವಧಿಯ ಓಡಾಟ ಊರೊಳಗಿನದೋ, ಹೆದ್ದಾರಿಯದೋ, ಭಾರ ಎಳೆದದ್ದೋ ಎಂಬ ಒಂದು ಮಾತನ್ನೂ ಸೇರಿಸಿ. ಆ ಕೊನೆಯ ಮಾತಿಲ್ಲದಿದ್ದರೆ ಉಳಿದ ಅಂಕಿಗಳ ಅರ್ಥ ಬಿಡಿಸಲು ಬರುವುದಿಲ್ಲ. ದೂರದ ಓಡಾಟದಲ್ಲಿ ಹಲವು ನೂರು ಕಿಲೋಮೀಟರಿಗೊಮ್ಮೆ ಆಗುತ್ತಿದ್ದದ್ದು, ಹತ್ತು ನಿಮಿಷಕ್ಕೊಮ್ಮೆ ನಿಲ್ಲುವ ಕೆಲಸಕ್ಕೆ ಇಳಿದ ವಾರ ಅರ್ಧ ದೂರಕ್ಕೇ ಆದರೆ ಅದರಲ್ಲಿ ಅಚ್ಚರಿಯಿಲ್ಲ. ಓಡಾಟದ ರೀತಿ ಬದಲಾಗದೆ ಅಂತರ ಮಾತ್ರ ಸತತವಾಗಿ ಕುಗ್ಗುತ್ತಿದ್ದರೆ ಕಾರಣ ಹುಡುಕಬೇಕು.

ಹುಡುಕಾಟವನ್ನು ಫಿಲ್ಟರ್‌ನಿಂದ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಫಿಲ್ಟರ್ ತಾನಾಗಿ ಮಸಿ ಮಾಡುವುದಿಲ್ಲ, ಇಂಜಿನ್ ಮಾಡಿದ್ದನ್ನು ಹಿಡಿಯುತ್ತದೆ. ಟರ್ಬೊದಿಂದ ಗಾಳಿ ಒಯ್ಯುವ ಹೋಸ್ ಸೀಳಿರುವುದು, ಸೋರುವ ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವುದು, ಕಟ್ಟಿಕೊಂಡ ಏರ್ ಫಿಲ್ಟರ್ ಇವೆಲ್ಲ ಮಸಿಯನ್ನು ಹೆಚ್ಚಿಸುತ್ತವೆ. ಟರ್ಬೊದ ಸೀಲ್ ಆಯಿಲ್ ಬಿಡುತ್ತಿದ್ದರೆ ಮಸಿಯ ಜೊತೆಗೆ ಬೂದಿಯೂ ಹೆಚ್ಚುತ್ತದೆ. ಇವುಗಳನ್ನು ಸರಿಪಡಿಸದೆ ಹೊಸ ಫಿಲ್ಟರ್ ಹಾಕಿಸಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಮಸಿಯ ಅಂಕಿ ಮಿತಿ ದಾಟಿದರೂ ರೀಜನರೇಷನ್ ಆರಂಭವೇ ಆಗದಿದ್ದರೆ ಮೊದಲು ಕೂಲೆಂಟ್‌ನ ಉಷ್ಣತೆಯನ್ನು ನೋಡಿ. ಕೂಲೆಂಟ್‌ನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೆ ಇಂಜಿನ್ ಸಾಕಷ್ಟು ಕಾಯುವುದಿಲ್ಲ, ಇಸಿಯು ಅನುಮತಿ ಕೊಡುವುದಿಲ್ಲ. ಒಂದು ಸಣ್ಣ ಬಿಡಿಭಾಗದ ದೋಷ ಡಿಪಿಎಫ್ ಕಾಯಿಲೆಯ ವೇಷದಲ್ಲಿ ಬರುವ ಸಂದರ್ಭ ಇದು. ಟ್ಯಾಂಕಿನಲ್ಲಿ ಡೀಸೆಲ್ ತೀರ ಕಡಿಮೆಯಿದ್ದರೂ, ಸಂಬಂಧಪಟ್ಟ ಬೇರೆ ದೋಷ ಸಂಕೇತ ದಾಖಲಾಗಿದ್ದರೂ ಅನೇಕ ವಾಹನಗಳು ರೀಜನರೇಷನ್ ತಡೆಹಿಡಿಯುತ್ತವೆ. ಆರಂಭವಾಗಿಯೂ ಡಿಒಸಿ ದಾಟಿದ ಉಷ್ಣತೆ 550ರ ಹತ್ತಿರಕ್ಕೆ ಬಾರದಿದ್ದರೆ, ಅದರಲ್ಲೂ ಬಿಳಿಹೊಗೆ ಕಂಡರೆ, ಹೆಚ್ಚುವರಿ ಡೀಸೆಲ್ ಡಿಒಸಿಯಲ್ಲಿ ಉರಿಯದೆ ಹೊರಬೀಳುತ್ತಿರಬಹುದು.

ಒತ್ತಡ ವ್ಯತ್ಯಾಸ ತೀರ ಕಡಿಮೆಯಾಗಿರುವುದು ಸಂತೋಷದ ಸಂಗತಿಯಲ್ಲ. ಭಾರ ಎಳೆಯುವಾಗಲೂ ಅಂಕಿ ಸೊನ್ನೆಯ ಬಳಿಯೇ ಕದಲದೆ ನಿಂತರೆ ಸೆನ್ಸರ್‌ನ ಕೊಳವೆ ಕಳಚಿರಬಹುದು, ಇಲ್ಲವೇ ಫಿಲ್ಟರ್ ಒಳಗೆ ಸೀಳಿ ಹೊಗೆ ನೇರವಾಗಿ ಹಾದುಹೋಗುತ್ತಿರಬಹುದು. ತಣ್ಣಗಿರುವ ಸೈಲೆನ್ಸರ್ ಬಾಯಿಯ ಒಳಗೋಡೆಯನ್ನು ಬಿಳಿಬಟ್ಟೆಯಿಂದ ಒರೆಸಿ ನೋಡಿ. ಫಿಲ್ಟರ್ ಸರಿಯಿರುವ ಗಾಡಿಯಲ್ಲಿ ಅದು ಹೆಚ್ಚುಕಡಿಮೆ ಶುಚಿಯಾಗಿರುತ್ತದೆ, ದಟ್ಟ ಕಪ್ಪು ಮಸಿ ಬಂದರೆ ಫಿಲ್ಟರ್ ಹಿಡಿಯುತ್ತಿಲ್ಲ. ದೋಷ ಸಂಕೇತಗಳಲ್ಲಿ ಪಿ2002 ಎಂಬುದು ಫಿಲ್ಟರ್‌ನ ಸಾಮರ್ಥ್ಯ ಕುಂದಿರುವುದನ್ನು, ಪಿ2463 ಮಸಿ ಮಿತಿಮೀರಿರುವುದನ್ನು, ಪಿ2459 ರೀಜನರೇಷನ್ ಪದೇಪದೇ ಆಗುತ್ತಿರುವುದನ್ನು, ಪಿ242ಎಫ್ ಬೂದಿ ತುಂಬಿರುವುದನ್ನು ಹೇಳುತ್ತವೆ. ಇವುಗಳನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಬೇಕು.

ಇದೇ ನೋಟ್‌ಬುಕ್ಕಿನಲ್ಲಿ ಆಯಿಲ್ ಮಟ್ಟಕ್ಕೂ ಒಂದು ಸಾಲು ಇರಲಿ. ಸಿಲಿಂಡರಿನಲ್ಲೇ ತಡವಾಗಿ ಡೀಸೆಲ್ ಸಿಂಪಡಿಸುವ ಇಂಜಿನ್‌ಗಳಲ್ಲಿ ಅದರ ಒಂದು ಪಾಲು ಗೋಡೆಯಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ, ರೀಜನರೇಷನ್ ಪದೇಪದೇ ಅರ್ಧಕ್ಕೆ ನಿಂತಷ್ಟೂ ಹೆಚ್ಚು ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಾ ಮೇಲಿನ ಗುರುತನ್ನು ದಾಟಿದರೆ ಅದು ತೆಳುವಾದ ಆಯಿಲ್. ಬೇರಿಂಗ್‌ಗಳಿಗೆ ಅದರಿಂದ ಸಾಕಷ್ಟು ರಕ್ಷಣೆ ಸಿಗದು, ನಿಗದಿತ ದೂರಕ್ಕೆ ಕಾಯದೆ ಬದಲಾಯಿಸಬೇಕು. ಹಾಕುವ ಆಯಿಲ್ ಕಡಿಮೆ ಬೂದಿಯದಾಗಿರಬೇಕು. ಕೈಪಿಡಿಯಲ್ಲಿ ಹೇಳಿದ ದರ್ಜೆ, ಉದಾಹರಣೆಗೆ ಎಸಿಇಎ ಸಿ3 ಅಥವಾ ಎಪಿಐ ಸಿಕೆ-4, ಡಬ್ಬಿಯ ಮೇಲೆ ಮುದ್ರಿತವಾಗಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಓಡಿಸಿ ಸರಿಪಡಿಸಲಾಗದ ಹಂತ

ಎಚ್ಚರಿಕೆಯ ದೀಪ ಹೊತ್ತಿದ ಮೇಲೆ ಹೆದ್ದಾರಿಯ ಓಟಕ್ಕೂ ಮಸಿಯ ಅಂಕಿ ಇಳಿಯದಿದ್ದರೆ, ಅಥವಾ ಇಂಜಿನ್ ಶಕ್ತಿ ತಗ್ಗಿಸಿಕೊಂಡು ಲಿಂಪ್ ಮೋಡ್‌ಗೆ ಹೋಗಿದ್ದರೆ, ಸ್ಕ್ಯಾನರ್‌ನಿಂದ ಆದೇಶ ಕೊಟ್ಟು ನಿಂತಲ್ಲೇ ನಡೆಸುವ ಸರ್ವಿಸ್ ರೀಜನರೇಷನ್ ಬೇಕಾಗುತ್ತದೆ. ಅದನ್ನು ಬಯಲಿನಲ್ಲಿ, ಸೈಲೆನ್ಸರ್ ಬಾಯಿಯ ಹಿಂದೆ ಏನೂ ಇಲ್ಲದಂತೆ, ಒಬ್ಬರು ಗಾಡಿಯ ಬಳಿಯೇ ಇದ್ದು ಉಷ್ಣತೆಯನ್ನು ನೋಡುತ್ತಾ ನಡೆಸಬೇಕು. ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಕೂಡದು. ಮಸಿಯ ಅಂಕಿ ತಯಾರಕರು ಹೇಳಿದ ಮೇಲಿನ ಮಿತಿಯನ್ನೂ ದಾಟಿದ್ದರೆ ಇಸಿಯು ಇದನ್ನೂ ನಿರಾಕರಿಸುತ್ತದೆ. ಹಟ ಹಿಡಿದು ಅದನ್ನು ಮೀರುವ ದಾರಿ ಹುಡುಕಬಾರದು, ಅಷ್ಟು ಮಸಿ ಒಟ್ಟಿಗೆ ಉರಿದರೆ ಫಿಲ್ಟರ್ ಉಳಿಯುವುದಿಲ್ಲ. ಫಿಲ್ಟರನ್ನೇ ಕಿತ್ತುಹಾಕಿ ಇಸಿಯುವನ್ನು ಮರುಳುಮಾಡುವ ಸಲಹೆಯೂ ಕಿವಿಗೆ ಬೀಳುತ್ತದೆ. ಅದು ಅನೇಕ ದೇಶಗಳಲ್ಲಿ ಕಾನೂನುಬಾಹಿರ, ಮತ್ತು ಆ ಮಸಿಯನ್ನು ಉಸಿರಾಡುವವರು ರಸ್ತೆಬದಿಯ ಜನ.

ರೀಜನರೇಷನ್ ಪೂರ್ತಿಯಾದ ಕೂಡಲೇ ಅಳೆದರೂ 2500 ಆರ್‌ಪಿಎಂನ ಒತ್ತಡ ವ್ಯತ್ಯಾಸ ಹಿಂದೆ ಬರೆದಿಟ್ಟ ಆಧಾರದ ಅಳತೆಗಿಂತ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದರೆ ಅದು ಬೂದಿ. ಆಗ ಫಿಲ್ಟರನ್ನು ಕಳಚಿ, ಅದಕ್ಕೆಂದೇ ಇರುವ ಯಂತ್ರದಲ್ಲಿ ಗಾಳಿಯಿಂದ ಅಥವಾ ನೀರಿನಿಂದ ತೊಳೆಸಬೇಕು, ಇಲ್ಲವೇ ಬದಲಾಯಿಸಬೇಕು. ಮರಳಿ ಜೋಡಿಸಿದ ಮೇಲೆ ಇಸಿಯುವಿನಲ್ಲಿರುವ ಬೂದಿಯ ಲೆಕ್ಕವನ್ನು ಸ್ಕ್ಯಾನರ್‌ನಿಂದ ಹೊಸದಾಗಿ ಬರೆಸುವುದನ್ನು ಮರೆಯಬಾರದು. ಹಾಗೆ ಮಾಡದಿದ್ದರೆ ಇಸಿಯು ಹಳೆಯ ಬೂದಿ ಇನ್ನೂ ಒಳಗಿದೆ ಎಂದೇ ಎಣಿಸಿ ಮಸಿಯ ಪ್ರಮಾಣವನ್ನು ತಪ್ಪಾಗಿ ಅಂದಾಜಿಸುತ್ತದೆ, ಶುಚಿಯಾದ ಫಿಲ್ಟರ್ ಇದ್ದೂ ರೀಜನರೇಷನ್‌ಗಳ ಲೆಕ್ಕ ದಾರಿತಪ್ಪುತ್ತದೆ. ಇದಾದ ನಂತರ ಮೂರೂ ಆಧಾರದ ಅಳತೆಗಳನ್ನು ಹೊಸದಾಗಿ ತೆಗೆದು, ನೋಟ್‌ಬುಕ್ಕಿನಲ್ಲಿ ಹೊಸ ಪುಟದಿಂದ ಬರೆಯಲು ಆರಂಭಿಸಿ.